ವರಾಂಡದ ನೀಲಿ ಸೂರು

ನನ್ನ ತಮ್ಮ ಲೆಮ್ಯುಯೆಲ್ ನಲವತ್ತು ವರ್ಷ ಅಟ್ಲಾಂಟಾದ ವೆಸ್ಟ್ ಎಂಡ್ ಬಡಾವಣೆಯ ಮನೆಗಳಿಗೆ ಬಣ್ಣ ಬಳಿದವನು. ಪಾದ್ರಿಗಳಿಗೆ ಬೆಣ್ಣೆ ಹಳದಿ, ಹೊಲಿಗೆಯ ಕ್ಲಿಯೋರಾಳಿಗೆ ಗುಲಾಬಿ ಎಂದು ಇಡೀ ಬೀದಿ ಅವನಿಗೆ ಬಾಯಿಪಾಠ. ಆಮೇಲೆ ಒಬ್ಬೊಬ್ಬರಾಗಿ ಮನೆ ಮಾರಿ ಹೋದರು. ಬಿಳಿಯರು ಬಂದರು. ನಮ್ಮ ಕರಿಯರೂ ಕೆಲವರು ಬಂದರು. ಮೈಬಣ್ಣ ನಮ್ಮದೇ, ಸಂಬಳ ಮಾತ್ರ ಬೇರೆ. ಬಂದವರೆಲ್ಲ ಕೇಳಿದ್ದು ಬೂದಿ ಬಣ್ಣ. ಬೀದಿಯಲ್ಲಿ ನಡೆದರೆ ಮಂಜಿನೊಳಗೆ ನಡೆದಂತಾಗುತ್ತಿತ್ತು. ಯಾವುದು ಯಾರ ಮನೆಯಾಗಿತ್ತೆಂದು ನನಗೇ ಗೊಂದಲ.

ಒಂದು ಮೇ ತಿಂಗಳಲ್ಲಿ, ಹಾಗೆ ಬಂದ ನಮ್ಮವರಲ್ಲೇ ಒಬ್ಬಳು, ಇಮಾನಿ ಎಂಬ ವಕೀಲೆ, ಅವನನ್ನು ಕೆಲಸಕ್ಕೆ ಕರೆದಳು. ಅವಳು ಕೊಂಡಿದ್ದು ನಮ್ಮ ಅಮ್ಮನ ಮನೆ. ಅಮ್ಮ ತೀರಿಕೊಂಡ ಮೇಲೆ ತೆರಿಗೆಯ ಭಾರ ತಾಳದೆ ನಾವು ಮಾರಿದ ಮನೆ.

"ಒಪ್ಕೊಂಡ್ಯಾ?" ಎಂದೆ.

"ಮತ್ತೆ? ಬೇರೆಯವನು ಬಂದು ಬಳಿಯೋದನ್ನ ನೋಡ್ಕೊಂಡು ಕೂರ್ಲಾ?"

ಮೂರನೆಯ ದಿನ ಮಧ್ಯಾಹ್ನ ಮೀನಿನ ಊಟ ತೆಗೆದುಕೊಂಡು ಹೋದೆ. ವರಾಂಡದ ನೆಲದ ಮೇಲೆ ಅವನು ಅಂಗಾತ ಮಲಗಿದ್ದ. ಎದೆ, ಹುಬ್ಬು, ನರೆತ ಗಡ್ಡ, ಎಲ್ಲದರ ಮೇಲೂ ನೀಲಿ ಪುಡಿ. ನಾವು ಮಾರಿದ ಮೇಲೆ ಯಾರೋ ಸೂರಿಗೆ ಬಳಿದಿದ್ದ ಬಿಳಿ ಬಣ್ಣ ಕೆರೆದಾಗ ಕೆಳಗಿನಿಂದ ಅಮ್ಮನ ನೀಲಿ ಎದ್ದು ಬಂದಿತ್ತು. ಕಡಲ ಕಡೆಯ ದ್ವೀಪದವಳು ನಮ್ಮಮ್ಮ. ನೀಲಿ ಕಂಡರೆ ದೆವ್ವಗಳು ನೀರೆಂದುಕೊಂಡು ದಾಟುವುದಿಲ್ಲವೆಂದು ಪ್ರತಿ ವಸಂತದಲ್ಲೂ ಒಂದು ಪದರ ಬಳಿಯುತ್ತಿದ್ದಳು. ಒಂದು ವರ್ಷದ ನೀಲಿ ತೆಳು, ಇನ್ನೊಂದರದು ದಟ್ಟ. ನಾನೂ ಪಕ್ಕದಲ್ಲಿ ಮಲಗಿದೆ. ಸೂರು ಅಲುಗುತ್ತಿದೆ, ನಾವಿಬ್ಬರೂ ನೀರಿನ ತಳದಲ್ಲಿದ್ದೇವೆ, ಮೇಲೆಲ್ಲೋ ಅಮ್ಮ ಗುನುಗುತ್ತಿದ್ದಾಳೆ ಎನ್ನಿಸಿತು.

"ಅಯ್ಯೋ ದೇವರೇ! ಬಿದ್ದುಬಿಟ್ರಾ?"

ಇಮಾನಿ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಫೋನು ಆಗಲೇ ಸಿದ್ಧ.

"ಇಲ್ಲಮ್ಮ, ನೋಡ್ತಾ ಇದೀವಿ," ಎಂದ ಲೆಮ್ಯುಯೆಲ್.

"ನೋಡೋದಕ್ಕೆ ಏನಿದೆ ಅಲ್ಲಿ? ನಾನ್ ಹೇಳಿದ್ದು ಬೂದಿ ಅಲ್ವಾ?"

"ಗೋಡೆಗೆ ಬೂದಿ, ಬಾಗಿಲಿಗೆ ಬೂದಿ. ಒಲೆಯೊಳಗೆ ಸಂಸಾರ ಮಾಡ್ತೀಯಾ ತಾಯಿ?"

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ನಾನೇ ಹೇಳಿಬಿಟ್ಟೆ, ನಾವು ಹುಟ್ಟಿದ್ದು ಇದೇ ಮನೆಯಲ್ಲಿ ಎಂದು. ಅವಳ ಮುಖ ಬಾಡಿತು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪಾಪ ಅಂತ ಬೇರೆಯವರನ್ನ ಕರೀತಿದ್ದೆ," ಎಂದ ಅವನು.

ಅವಳು ಚಪ್ಪಲಿ ಕಳಚಿಟ್ಟು ನಮ್ಮ ಪಕ್ಕ ಕೂತು, ತಲೆಯೆತ್ತಿ ತುಂಬಾ ಹೊತ್ತು ನೋಡಿದಳು. "ಇದು ನೀಲಿಯಾಗೇ ಇರ್ಲಿ," ಎಂದಳು.

ಲೆಮ್ಯುಯೆಲ್ ಅದರ ಮೇಲೆ ಹೊಸ ನೀಲಿ ಬಳಿದ. ಎದುರು ಮನೆಯ ಬಿಳಿ ದಂಪತಿ ನೋಡಿದರು, ತಮಗೂ ಬೇಕೆಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಹದಿನೇಳು ವರಾಂಡಗಳು ನೀಲಿಯಾದವು. ಯಾರೋ ಫೋಟೋ ತೆಗೆದು ಪತ್ರಿಕೆಯಲ್ಲಿ ಹಾಕಿಸಿದರು. ಬೀದಿ ನೋಡಲು ಜನ ಬಂದರು, ಕೊಳ್ಳುವವರೂ ಬಂದರು. ಅದೇ ಬೀದಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಒಡೆಯನೂ ಒಳ್ಳೆಯ ಬೆಲೆ ಬಂತೆಂದು ಮಾರಿದ.

"ನಾನೇ ಚೆಂದ ಮಾಡಿ ಕೊಟ್ಟೆ ಕಣಕ್ಕಾ," ಎಂದ ತಮ್ಮ, ಪೆಟ್ಟಿಗೆ ಕಟ್ಟುತ್ತಾ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಇಮಾನಿ ಬಂದು ಸಾಮಾನು ಏರಿಸಲು ಕೈಜೋಡಿಸಿದಳು. ಕೊನೆಗೆ ನನ್ನನ್ನು ತಬ್ಬಿಕೊಂಡಳು.

ಈಗ ನಾವಿರುವುದು ಹೆದ್ದಾರಿಯಾಚೆ, ಒಂದೇ ತರದ ಕಟ್ಟಡಗಳ ನಡುವೆ. ಮೊದಲ ವಾರ ಯಾರ ಪರಿಚಯವೂ ಇರಲಿಲ್ಲ. ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನೇರಳೆ ಟೋಪಿಯ ಮುದುಕಿಯೊಬ್ಬಳು ನಮ್ಮನ್ನು ಮೇಲಿಂದ ಕೆಳಗೆ ಅಳೆದಳು.

"ಯಾರ ಕಡೆಯವರಮ್ಮ ನೀವು?"

ಅಮ್ಮನ ಹೆಸರು ಹೇಳಿದೆ.

"ಹೌದಾ! ನಿಮ್ಮನೆ ಹಿಂದಿನ ಬೀದಿಯಲ್ಲೇ ಇದ್ದವಳು ನಾನು," ಎಂದು ತನ್ನ ಚೀಲವನ್ನು ತೊಡೆಯ ಮೇಲೆತ್ತಿಕೊಂಡು, ಬೆಂಚಿನಲ್ಲಿ ನಮ್ಮಿಬ್ಬರಿಗೂ ಜಾಗ ಮಾಡಿದಳು.