ಅಕ್ಕನ ತಲೆಗೆಂದು ಉಂಡದ್ದು

ಅಕ್ಕ ತೀರಿಕೊಂಡ ಮರುದಿನ ಮಧ್ಯಾಹ್ನ ತಂಗಿ ಕಡ್ಡಿ ಎರಡು ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಉದುರಿಸಿಕೊಂಡು ತಿಂದಳು. ಮನೆ ತುಂಬ ನೆಂಟರು. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಪಿಸುಗುಟ್ಟಿದಳು: "ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮೊಟ್ಟೆ ಅದ್ಹೇಗೆ ಸೇರುತ್ತೋ ಇವಳಿಗೆ!"

ಸೇರುತ್ತಿತ್ತು. ರುಚಿ ಮಾತ್ರ ಗೊತ್ತಾಗುತ್ತಿರಲಿಲ್ಲ. ಅಳು ಬಂದರೆ ಬರಲಿ ಎಂದು ಕಡ್ಡಿಯೂ ಕಾದಳು, ಬರಲಿಲ್ಲ.

ಕಡ್ಡಿ ಎಂದು ಹೆಸರಿಟ್ಟವಳು ಅಕ್ಕನೇ. ತಂಗಿ ಬಟ್ಟೆ ಹೊಲಿಯುವವಳು. ಮೆಷಿನ್ನಿನ ಮುಂದೆ ಕೂತಳೆಂದರೆ ಟೀ, ಬನ್ನು, ಮತ್ತೆ ಟೀ. ಮೈ ಕಡ್ಡಿಯಾಗದೆ ಕಂಬವಾಗುತ್ತದೆಯೇ? ಅಕ್ಕನಿಗೆ ಕ್ಯಾನ್ಸರ್ ಬಂದು, ಔಷಧಿಗೆ ಕೂದಲೆಲ್ಲ ಉದುರಿದಾಗ, "ನನ್ನ ಕೂದಲಲ್ಲೇ ವಿಗ್ ಮಾಡಿಸೋಣ" ಎಂದು ಹಟ ಹಿಡಿದವಳು ಇವಳು. ವಿಗ್ ಅಂಗಡಿಯ ಮುದುಕ ಜಡೆಯನ್ನು ಮೆಲ್ಲಗೆ ಎಳೆದ. ನಾಲ್ಕೆಳೆ ಕೈಗೇ ಬಂತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಊಟ ಮಾಡೋ ಅಭ್ಯಾಸ ಇಲ್ವೇನಮ್ಮಾ? ಇದನ್ನ ಹೆಣೆಯೋಕೆ ಹೋದ್ರೆ ತುಂಡಾಗುತ್ತೆ. ಚೆನ್ನಾಗಿ ತಿಂದು, ಗಟ್ಟಿ ಕೂದಲು ಬೆಳೆಸ್ಕೊಂಡು ಬಾ."

ಶುರುವಾಯಿತು ನೋಡಿ ಅಕ್ಕನ ದರ್ಬಾರು. ಮೊಟ್ಟೆ, ಮೀನು, ಬೇಳೆ, ಸೊಪ್ಪು, ಒಂದು ಹಿಡಿ ಬಾದಾಮಿ. ಅವಳಿಗೋ ಗಂಜಿಯೂ ನಿಲ್ಲದು, ಒಗ್ಗರಣೆಯ ವಾಸನೆಗೇ ವಾಂತಿ. ಆದರೂ ಮೂಗಿಗೆ ಬಟ್ಟೆ ಒತ್ತಿಕೊಂಡು ತಂಗಿಯ ತಟ್ಟೆ ಕಾಯುತ್ತ ಕೂರುತ್ತಿದ್ದಳು.

"ಇನ್ನೆರಡು ತುತ್ತು ತಿನ್ನೇ. ನೀನು ತಿನ್ನೋದು ನನ್ನ ತಲೆಗೆ."

"ಇಷ್ಟು ದಿನ ನೀನು ನನ್ನ ತಲೆ ತಿಂದಿದ್ದು ಸಾಲ್ದಾ?"

ವಿಗ್ಗಿನ ಮಾತು ಮಾತಾಗಿಯೇ ಉಳಿಯಿತು, ಅಕ್ಕ ಹೋಗಿಬಿಟ್ಟಳು. ನೆಂಟರು ಬಂದ ದಾರಿ ಹಿಡಿದರು. ತಿನ್ನು ಎನ್ನುವವರಿಲ್ಲದಿದ್ದರೂ ಕಡ್ಡಿಯ ಕೈ ಬೇಯಿಸುತ್ತಿತ್ತು, ಬಾಯಿ ಅಗಿಯುತ್ತಿತ್ತು. ಗಿರಾಕಿಗಳ ತೋಳು, ಕಾಲರು, ಕಾಜಾ ಎಲ್ಲವೂ ಸರಿಯಾಗಿಯೇ ಆಗುತ್ತಿದ್ದವು. ತಲೆ ಬಾಚಿದರೆ ಹಣಿಗೆಗೆ ಕೂದಲು ಬರುತ್ತಿರಲಿಲ್ಲ. ಅದಕ್ಕೂ ಅವಳಿಗೆ ಏನೂ ಅನಿಸಲಿಲ್ಲ. ಬೇರೆ ಯಾರ ತಲೆಗಾದರೂ ಆಗಲಿ, ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಒಂದು ದಿನ ಅಂಗಡಿಗೆ ಹೋದಳು.

ಮುದುಕ ಬೈತಲೆ ಬಿಡಿಸಿ ನೋಡಿದ. "ಬುಡದಲ್ಲಿ ಹೊಸದು ಬಲವಾಗಿ ಬಂದಿದೆ. ಆದ್ರೆ ಬೆರಳುದ್ದ ಅಷ್ಟೇ. ಕೆಳಗಿರೋದೆಲ್ಲ ಹಳೇ ಕೂದಲು, ಅದಕ್ಕೆ ಏನು ತಿಂದ್ರೂ ತಾಗಲ್ಲ. ವಿಗ್ಗಿಗೆ ಇನ್ನೂ ಎರಡು ವರ್ಷ ಬೇಕು."

"ಎರಡು ವರ್ಷಾನಾ? ಅವತ್ತೇ ಹೇಳೋದಲ್ವಾ?"

"ನಿಮ್ಮಕ್ಕನಿಗೆ ಹೇಳಿದ್ದೆನಲ್ಲ. ನೀವಿಬ್ರೂ ಬಂದು ಹೋದ ಮರುದಿನ ಅವರೊಬ್ಬರೇ ಬಂದಿದ್ರು." ಮುದುಕ ಹಣಿಗೆ ಕೆಳಗಿಟ್ಟ. "'ಅಷ್ಟು ದಿನ ನಾನಿರಲ್ಲ, ನಂಗೊತ್ತು. ಅವಳಿಗೆ ಮಾತ್ರ ಹೇಳ್ಬೇಡಿ. ನಾನಿರುವಾಗ್ಲೇ ಅವಳು ಊಟ ಮಾಡೋದು ಕಲೀಲಿ' ಅಂದ್ರು."

ಕಡ್ಡಿ ಮನೆಗೆ ಬಂದು ಬಡಿಸಿಕೊಂಡು ಕೂತಳು. ಮೊದಲ ತುತ್ತು ಬಾಯಲ್ಲೇ ನಿಂತಿತು. "ಮೋಸಗಾತಿ," ಎಂದಳು. ಹೇಳಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಬೈದಳು, ಬೈಯುತ್ತಲೇ ಮೂಗೊರೆಸಿಕೊಂಡಳು. ಅತ್ತು ಮುಗಿಯುವ ಹೊತ್ತಿಗೆ ಅನ್ನ ಆರಿ ಹೋಗಿತ್ತು, ಹಸಿವು ಮಾತ್ರ ಕೆರಳಿತ್ತು. ತಟ್ಟೆ ಬರಿದು ಮಾಡಿದಳು. ಸಾಕಾಗಲಿಲ್ಲ, ಎದ್ದು ಇನ್ನೊಂದು ಸೌಟು ಬಡಿಸಿಕೊಂಡಳು.