ಒಂದು ಮೊಳ, ಒಂದು ಪಾದ

ಮೊಹಿನುದ್ದೀನ್ ಹುಮನಾಬಾದ್ ಬಿಟ್ಟು ಬಸವಕಲ್ಯಾಣದ ಮಗಳ ಮನೆ ಸೇರಿದ ಮೇಲೆ ನನ್ನ ಸೌದೆ ಅಡ್ಡಾದ ಕಟ್ಟಿಗೆಗಳು ಒಂದರ ಮಾತು ಒಂದು ಕೇಳದಂತಾದವು. ಒಂದು ಉದ್ದ, ಒಂದು ಗಿಡ್ಡ. ಇದು ತೊಂಬತ್ತೊಂಬತ್ತನೆಯ ಇಸವಿಯ ಮಾತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾವಿಬ್ಬರು ಕೊಯ್ದ ತುಂಡುಗಳು ಎಷ್ಟು ಸರಿಸಮ ಇರುತ್ತಿದ್ದವೆಂದರೆ, ಒಟ್ಟಿದ ಸಾಲಿನ ಮುಂದೆ ಕಾಗೆಗಳು ಬಂದು, ಕನ್ನಡಿ ಎಂದು ತಿಳಿದು ರೆಕ್ಕೆ ತಿದ್ದಿಕೊಂಡು ಹೋಗುತ್ತಿದ್ದವು. ನಾನೇ ನೋಡಿದ್ದೇನೆ.

ಅಳತೆಗೆ ನಮ್ಮಲ್ಲಿ ಟೇಪಿರಲಿಲ್ಲ. ಪಕ್ಕದ ಹುಡಗಿ ಊರಿನಿಂದ ಬಂದ ಜಾಲಿಯ ದಿಮ್ಮಿಯನ್ನು ಅಡ್ಡ ಹಾಕಿ, ಅದರ ತುದಿಯನ್ನು ನಾನು ಎಡಗಾಲಿನಿಂದ ಅದುಮಿ ಹಿಡಿಯುತ್ತಿದ್ದೆ. ಮೊಹಿನುದ್ದೀನ್ ಬಗ್ಗಿ, ಮೊಣಕೈಯಿಂದ ನಡುಬೆರಳಿನ ತನಕ ಒಂದು ಮೊಳ ಇಟ್ಟು, ಕೊಡಲಿಯಿಂದ ಗುರುತಿನ ಕಚ್ಚು ಹಾಕುತ್ತಿದ್ದ. ಆಮೇಲೆ ಗರಗಸದ ಆ ಕಡೆ ಅವನು, ಈ ಕಡೆ ನಾನು. ಎಳೆಯುತ್ತ ನಾನೊಂದು ಕಥೆ ಹೇಳುತ್ತಿದ್ದೆ. ಮುಗಿದ ಕೂಡಲೇ ಅವನು, “ಹಟ್, ಝೂಟಾ!” ಎಂದು ನನ್ನ ಸುಳ್ಳು ಹಿಡಿಯುತ್ತಿದ್ದ. ಅಷ್ಟರಲ್ಲಿ ತುಂಡು ಕೆಳಗೆ ಬಿದ್ದಿರುತ್ತಿತ್ತು.

ಅವನು ಹೋದ ಮೇಲೆ ಗರಗಸದ ಆ ಕಡೆಯ ಹಿಡಿಗೆ ಒಂದು ಕಲ್ಲು ಕಟ್ಟಿಕೊಂಡೆ. ಕಲ್ಲು ಕೆಟ್ಟ ಕೆಲಸಗಾರನೇನಲ್ಲ. ಬೀಡಿ ಕೇಳುತ್ತಿರಲಿಲ್ಲ, ಶುಕ್ರವಾರ ರಜೆ ಕೇಳುತ್ತಿರಲಿಲ್ಲ. ಆದರೆ ನಾನು ಹೇಳಿದ್ದನ್ನೆಲ್ಲ ನಂಬುತ್ತಿತ್ತು. ಎಲ್ಲ ನಂಬುವವರ ಎದುರು ಒಬ್ಬ ಮನುಷ್ಯ ಎಷ್ಟು ದಿನ ಸುಳ್ಳು ಹೇಳಬಲ್ಲ? ಎರಡು ತಿಂಗಳಾಗುವಷ್ಟರಲ್ಲಿ ನನ್ನ ಬಾಯಿ ಮುಚ್ಚಿಹೋಯಿತು.

ಖಾನಾವಳಿಯ ವಿದ್ಯಾವತಿ ಒಂದು ಮುಂಜಾನೆ ಕಟ್ಟಿಗೆ ತಂದು ನನ್ನ ಮುಂದೆ ಚೆಲ್ಲಿದಳು. “ಏನ್ ನರಸಿಂಗಣ್ಣ, ಒಂದು ಒಲಿ ಬಿಟ್ಟು ಹೊರಗ ಬಂದು ಗಿರಾಕಿ ಕಾಲು ಸುಡ್ತದ, ಇನ್ನೊಂದು ಒಳಗ ಹೋಗಿ ಕಾಣ್ಸೋದೇ ಇಲ್ಲ. ಮೊದಲಿನ ಮಾಪ ಎಲ್ಲಿ ಹೋತು?”

“ಬಸವಕಲ್ಯಾಣಕ್ಕ ಹೋಗ್ಯಾದ ಅಕ್ಕಾ.”

“ಮತ್ತ ಹೋಗಿ ತರ್ರಿ!”

ಅವಳಿಗೆ ಗೊತ್ತಿಲ್ಲ, ಎಷ್ಟು ದೊಡ್ಡ ಉಪಕಾರ ಮಾಡಿದಳೆಂದು. ಗೆಳೆಯ ತನ್ನ ಮನೆಯಲ್ಲಿದ್ದರೆ ಸುಮ್ಮನೆ ಹೋಗಿ ಕೂಡಬಹುದು. ಮಗಳ ಮನೆಯಲ್ಲಿ ಅವನೇ ಅರ್ಧ ಅತಿಥಿ. ಅತಿಥಿಗೆ ಅತಿಥಿಯಾಗಿ ಹೋಗಲು ಒಂದು ಕೆಲಸ ಬೇಕು. ನನಗೆ ಕೆಲಸ ಸಿಕ್ಕಿತು. ಒಂದು ಹುರಿ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ.

ಮೊಹಿನುದ್ದೀನ್ ಅಂಗಳದ ಕುರ್ಚಿಯಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ. ಅವನ ಮೈಮೇಲೆ ಒಂದು ಚೂರೂ ಕಟ್ಟಿಗೆಯ ಹೊಟ್ಟು ಇಲ್ಲದ್ದನ್ನು ಅವತ್ತೇ ನೋಡಿದ್ದು. ಮಗಳು ವಹೀದಾ ಚಹಾ ತಂದು, “ಏನ್ ಕಾಕಾ, ಏನ್ ಕೆಲಸಿತ್ತು?” ಅಂದಳು.

“ನಿಮ್ಮ ಅಪ್ಪನ ಕೈ ಬೇಕಾಗಿತ್ತವ್ವ.”

ಅವನು ಕೈ ಚಾಚಿದ. ಹುರಿಯಿಂದ ಅಳೆದು, ಗಂಟು ಹಾಕಿ, ಬಂದುಬಿಟ್ಟೆ.

ಆ ಹುರಿಯಂತೆ ಕೊಯ್ದ ತುಂಡುಗಳೆಲ್ಲ ಐದು ಬೆರಳು ಕಡಿಮೆ ಬಂದವು. ವಿದ್ಯಾವತಿ ಎಲ್ಲ ಹಿಂದಕ್ಕೆ ಕಳಿಸಿದಳು. ನಾನು ಮತ್ತೆ ಬಸ್ ಹತ್ತಿದೆ.

“ಮೊಹಿನ್, ಇಲ್ಲಿಗಿ ಬಂದು ನಿನ್ನ ಕೈ ಗಿಡ್ಡ ಆಗ್ಯಾದ.”

ಅವನು ಕೈ ತಿರುಗಿಸಿ ನೋಡಿಕೊಂಡ. ಆಮೇಲೆ, “ಕಾಲಿಡು,” ಅಂದ.

“ಎಲ್ಲಿ?”

“ನೆಲದ ಮ್ಯಾಲ. ದಿಮ್ಮಿ ಮ್ಯಾಲ ಇಡ್ತಿದ್ದಿಯಲ್ಲ, ಹಂಗ ಇಡು.”

ಇಟ್ಟೆ. ಅವನು ಕುರ್ಚಿಯಿಂದ ಇಳಿದು, ಮೊಣಕಾಲೂರಿ, ನನ್ನ ಪಾದಕ್ಕೆ ಮೊಣಕೈ ಆನಿಸಿದ. ಆಗ ಇಬ್ಬರಿಗೂ ತಿಳಿಯಿತು. ಅವನ ಮೊಳ ಶುರುವಾಗುತ್ತಿದ್ದುದೇ ನನ್ನ ಪಾದ ಮುಗಿದಲ್ಲಿಂದ. ಇಪ್ಪತ್ತು ವರ್ಷದ ನಮ್ಮ ಅಳತೆಯಲ್ಲಿ ಐದು ಬೆರಳು ನನ್ನ ಕಾಲಿನ ಅಗಲವಿತ್ತು. ಹುರಿಗೆ ಹೊಸ ಗಂಟು ಬಿತ್ತು. ಹಾಗೆ ನೋಡಿದರೆ ನನ್ನ ಪಾದಕ್ಕೆ ದಿನಕ್ಕೆ ನೂರು ಸಲ ಬಗ್ಗಿದವನು ಈ ಭೂಮಿಯ ಮೇಲೆ ಅವನೊಬ್ಬನೇ.

ಅಳತೆ ಸರಿಯಾಯಿತು. ವಿದ್ಯಾವತಿ ಖುಷಿಯಾದಳು. ಬಸವಕಲ್ಯಾಣದಲ್ಲಿ ನನಗೆ ಇನ್ನು ಯಾವ ಕೆಲಸವೂ ಉಳಿಯಲಿಲ್ಲ.

ಹದಿನೈದು ದಿನ ಕಲ್ಲಿನ ಜೊತೆ ಕೊಯ್ದೆ. ಹದಿನಾರನೆಯ ದಿನ ಬಸ್ ಹತ್ತಿದೆ.

“ಹುರಿ ಆಡು ತಿಂತು,” ಅಂದೆ.

ಮೊಹಿನುದ್ದೀನ್ ನನ್ನ ಮುಖ ನೋಡಿದ. ಕುರ್ಚಿಯಿಂದ ಇಳಿದು ಮೊಣಕಾಲೂರಿದ. ಮುಂದಿನ ಸಲ ಹುರಿಯನ್ನು ಇಲಿ ಕಡಿದಿತ್ತು. ಅದರ ಮುಂದಿನ ಸಲ ಗುಬ್ಬಿ ಗೂಡಿಗೆ ಒಯ್ದಿತ್ತು. ಪ್ರತಿ ಸಲವೂ ನಾನು, ಮೊದಲು ಗರಗಸದ ಆ ಕಡೆಯಿಂದ ಬರುತ್ತಿದ್ದ ಆ ಎರಡು ಶಬ್ದಕ್ಕೆ ಕಾಯುತ್ತಿದ್ದೆ. ಮೊಮ್ಮಕ್ಕಳ ಎದುರು, ಇಸ್ತ್ರಿ ಅಂಗಿಯೊಳಗೆ, ಅವನ ಬಾಯಿಂದ ಅವು ಬರುತ್ತಲೇ ಇರಲಿಲ್ಲ.

ಆರನೆಯ ಸಲ ಹೋದಾಗ ವಹೀದಾ ಕಾಗದದಲ್ಲಿ ಸುತ್ತಿದ್ದೇನನ್ನೋ ತಂದು ಕೊಟ್ಟಳು. ಕಬ್ಬಿಣದ ಸಲಾಕೆ. “ಕಾಕಾ, ಅಬ್ಬಾನ ಮೊಳಕ್ಕ ಐದು ಬೆರಳು ಕೂಡಿಸಿ ಕಮ್ಮಾರ ಕಡಿಂದ ಬರೋಬ್ಬರಿ ಮಾಪಿನ್ಯಾಗ ಮಾಡಿಸೀನಿ. ಈ ಬಿಸಿಲಾಗ ನಿಮಗ ಸುಮ್ಮ ತ್ರಾಸ. ಇದನ್ನ ಯಾವ ಆಡೂ ತಿನ್ನಂಗಿಲ್ಲ ನೋಡ್ರಿ.”

ಒಳ್ಳೆಯ ಹುಡುಗಿ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಳು. ಮೊಹಿನುದ್ದೀನ್ ಮಾತ್ರ ಅಂಗಳದ ನೆಲ ನೋಡುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಆ ಸಲಾಕೆಗೂ ಟಿಕೆಟ್ ಕೇಳಿದ. ತೆಗೆದುಕೊಂಡೆ. ಪಕ್ಕದ ಸೀಟಿನಲ್ಲಿ ಅದನ್ನೇ ಕೂರಿಸಿಕೊಂಡು ಬಂದೆ.

ಅದರಿಂದ ಕೊಯ್ದ ತುಂಡುಗಳನ್ನು ನೋಡಲು ಕಾಗೆಗಳು ಮತ್ತೆ ಬಂದವು. ಒಂದು ತಿಂಗಳು ಕೊಯ್ದೆ. ಯಾರ ಜೊತೆಗೂ ಮಾತಾಡುವ ಸಂದರ್ಭ ಬರಲಿಲ್ಲ. ಒಮ್ಮೆ ಕಲ್ಲಿಗೆ ‘ಬೀಡಿ ಬೇಕೇನ?’ ಎಂದು ಕೇಳಿದೆ. ಅವತ್ತೇ ಗರಗಸ ಕೆಳಗಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ಅವನು ಅದೇ ಕುರ್ಚಿಯಲ್ಲಿದ್ದ. ನನ್ನನ್ನು ನೋಡಿ ಅರ್ಧ ಎದ್ದು ನಿಂತ. “ಸಲಾಕಿಗಿ ಏನಾತೋ?”

“ತಿಂತು.”

“ಕಬ್ಬಿಣ. ಏನ್ ತಿಂತು?”

“ತುಕ್ಕು.”

“ಒಂದ್ ತಿಂಗಳ್ದಾಗ?”

“ಹುಮನಾಬಾದದ ತುಕ್ಕು ಮೊಹಿನ್. ನೀ ಬಿಟ್ಟು ಬಂದಾಗಿಂದ ಭಾಳ ಹಸದದ.”

ಅವನ ಗಡ್ಡ ಅಲುಗಿತು. ಒಳಗೆ ವಹೀದಾ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಹಟ್,” ಅಂದ ಅವನು, “ಝೂಟಾ!”

ನಾನು ಕಾಲಿಟ್ಟೆ. ಅವನು ಕೆಳಗಿಳಿದು, ಮೊಣಕೈ ಆನಿಸಿ, ಬೆರಳು ಚಾಚಿ, ಕಾದ. ನಾನು ಜೇಬಿಗೆ ಕೈ ಹಾಕಿದೆ. ಅವಸರದಲ್ಲಿ ಹುರಿ ತಂದೇ ಇರಲಿಲ್ಲ.

ಅವನು ಕೈ ತೆಗೆಯಲಿಲ್ಲ. ನಾನೂ ಕಾಲು ತೆಗೆಯಲಿಲ್ಲ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.