ಬಾಗಿಲಿಗೆ ಹಚ್ಚಿದ ನೋಟೀಸು

ಮೈದಾ ಹಿಟ್ಟಿಗೆ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಗಂಟಾಗದ ಹಾಗೆ ತಿರುವುತ್ತಿದ್ದೆ. ಪಕ್ಕದಲ್ಲಿ ಗುಣವತಿ ಅಕ್ಕ ನಿಂತಿದ್ದಳು. ಬಾಯಿ ಬಿಟ್ಟರೆ ಇಬ್ಬರಿಗೂ ನಗು ಬರುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೋರ್ಟಿನ ಅಮೀನ ಕಾಯುತ್ತ ಕೂತಿದ್ದ. ನೋಟೀಸು ತಂದಿದ್ದ, ಅಂಟು ಮರೆತು ಬಂದಿದ್ದ.

ನೋಟೀಸು ಬಂಡೆಪ್ಪ ಭಾವನ ಹೆಸರಿಗೆ. ತೆಲುಗು ಸೀಮೆಯ ತಾರ್ನಾಕದ ಈ ಕನ್ನಡಿಗರ ವಠಾರದಲ್ಲಿ ನಮ್ಮ ಜೊತೆಗೇ ಇದ್ದವನು, ಜೀಡಿಮೆಟ್ಲಾದ ಕಾರ್ಖಾನೆಗೆ ಡ್ಯೂಟಿಗೆಂದು ಹೋಗಿ ಮೂರು ವರ್ಷವಾದರೂ ತಿರುಗಿ ಬಂದಿರಲಿಲ್ಲ. ವಿಚ್ಛೇದನ ಬೇಕು, ಮಗಳು ನನ್ನ ಹತ್ತಿರವೇ ಇರಬೇಕು, ಅವಳ ಖರ್ಚಿಗೆ ಅವನು ಕೊಡಬೇಕು ಎಂದು ಅಕ್ಕ ಕೇಸು ಹಾಕಿದ್ದಳು. ಕಳಿಸಿದ ಸಮನ್ಸೆಲ್ಲ ವಾಪಸು ಬಂದವು. ಕಡೆಗೆ ಜಡ್ಜ್, ಅವನು ಕೊನೆಗೆ ಇದ್ದ ಮನೆಯ ಬಾಗಿಲಿಗೆ ಹಚ್ಚಿ ಬನ್ನಿ ಎಂದರು. ಆ ಬಾಗಿಲು ನಮ್ಮದೇ. ಹಚ್ಚಿದ್ದು ಖಾತ್ರಿಯಾದರೆ ಅವನು ಬರಲಿ ಬಿಡಲಿ, ತೀರ್ಪು ಆಗುತ್ತಿತ್ತು. 'ಹುಡುಗಿ ನಮ್ಮ ಮನಿತನದಾಕಿ, ಒಯ್ತೀವಿ' ಎಂದು ದಸರೆಗೆ ಬಂದು ಹೆದರಿಸಿ ಹೋದ ಅವನ ಅಣ್ಣನ ಬಾಯಿಯೂ ಮುಚ್ಚುತ್ತಿತ್ತು.

ಅಂಟು ಕೊಟ್ಟೆ. ಅಮೀನ ಎದ್ದು, ಕಾಯದೆಯಂತೆ ಮೊದಲು ಹೆಸರು ಹಿಡಿದು, ಇದ್ದಾನೆಯೇ ಎಂದು ತೆಲುಗಿನಲ್ಲಿ ಕೂಗಿದ. "ಬಂಡೆಪ್ಪಾ! ಬಂಡೆಪ್ಪ ಉನ್ನಾರಾ?"

ಅಕ್ಕನ ಮಗಳು ಅಂಬು ಓಡಿಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದಳು. ನೀರಿನ ಹಂಡೆಯ ಮುಚ್ಚಳವನ್ನೂ ತೆಗೆದು ನೋಡಿ ಬಂದು, "ಲೇರು ಅಂಕಲ್," ಇಲ್ಲವೆಂದು ತೆಲುಗಿನಲ್ಲೇ ವರದಿ ಒಪ್ಪಿಸಿದಳು.

"ಹೋಗಾವ ಹೋದ, ನನ್ನ ಸ್ಟೀಲಿನ ಡಬ್ಬಿ ಯಾಕ ಒಯ್ದ? ಅದನ್ನೂ ಬರ್ಕೊಳ್ರಿ," ಅಂದಳು ಅವ್ವ.

ಅಮೀನ ನೋಟೀಸು ಹಚ್ಚಿ, ಕೈ ತೊಳೆಯಲು ಹಿತ್ತಲಿಗೆ ಹೋದ. ಅವ್ವನ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಕಂಡಿತು. ನಮ್ಮ ಮನೆಗೆ ಬಂದ ಯಾವ ಕಾಗದವೂ ಬೋಳಾಗಿ ಉಳಿದಿಲ್ಲ. ರೇಷನ್ ಕಾರ್ಡಿನ ಮೂಲೆಯೂ ಹಳದಿ.

"ಬ್ಯಾಡಬೇ ಯವ್ವ!" ಅಕ್ಕ ಓಡಿದಳು.

"ಶುಕ್ರವಾರ ಐತಿ. ಬಾಗಿಲಿಗೆ ಬೋಳು ಕಾಗದ ಇರಬಾರದು."

ಅಷ್ಟರಲ್ಲಿ ನಾಲ್ಕೂ ಮೂಲೆಗೆ ಅರಿಶಿನ, ಬಂಡೆಪ್ಪನ ಹೆಸರಿನ ಮೇಲೆ ದುಂಡಗೆ ಕುಂಕುಮ.

ಎದುರುಮನೆಯ ಉಮಾಬಾಯಿ ಬಜಾರದಿಂದ ಬಂದವರು ಹಾಗೇ ನಿಂತರು. ಅವರಿಗೆ ತೆಲುಗು ಓದಲು ಬಾರದು, ಅರಿಶಿನ ಕಾಣುತ್ತದೆ. ಅವ್ವನ ಕಡೆ ತಿರುಗಿದರು.

"ಅಯ್ಯ ಶಿವದೇವಕ್ಕ! ಹೇಳಲಾರದ ಲಗ್ನ ಗೊತ್ತು ಮಾಡೀರಿ? ಸಣ್ಣಾಕೀದೇನು?"

ನಾನು ಬಾಗಿಲ ಹಿಂದೆ ಸೇರಿಕೊಂಡೆ. ಮೇಲಿನ ಮನೆಯ ಹಣಮಂತರಾಯರು ಇಳಿದು ಬಂದರು. "ಹುಡುಗ ಏನ್ ಮಾಡ್ತಾನ್ರಿ?"

"ಓಡಿ ಹೋಗ್ಯಾನ್ರಿ," ಅಂದಳು ಅಕ್ಕ.

"ಲಗ್ನಕ್ಕ ಮೊದಲ?"

"ಆದಮ್ಯಾಲೆ. ನನ್ನ ಲಗ್ನಾರಿ ಅದು. ಬಿಡಸಾಕತ್ತಾರ. ಬರ್ರಿ, ಶಿರಾ ತಿನ್ನಾಕ ಬರ್ರಿ!"

ಮೊದಲು ನಕ್ಕವಳು ಅವ್ವ. ಆಮೇಲೆ ಇಡೀ ವಠಾರ. ಉಮಾಬಾಯಿ ನಕ್ಕ ರಭಸಕ್ಕೆ ಚೀಲದ ಬದನೆಕಾಯಿಗಳೆಲ್ಲ ಅಂಗಳಕ್ಕೆ ಉರುಳಿದವು. ಅವ್ವ ನಿಜಕ್ಕೂ ಶಿರಾ ಮಾಡಿ ಎಲ್ಲರಿಗೂ ಕೊಟ್ಟಳು. ಕನ್ನಡ ತಿಳಿಯದ ಅಮೀನನೂ ನಗುತ್ತ ತಟ್ಟೆ ಒರೆಸಿದ.

ಆಮೇಲೆ ಪೆನ್ನು ತೆಗೆದ. ಹಚ್ಚಿದ್ದನ್ನು ನೋಡಿದ್ದೇವೆ ಎಂದು ಇಬ್ಬರು ಸಹಿ ಮಾಡಬೇಕು, ಮನೆಯವರು ನಡೆಯದು, ಸಹಿ ಇಲ್ಲದಿದ್ದರೆ ನೋಟೀಸು ಮುಟ್ಟಿಲ್ಲವೆಂದೇ ಲೆಕ್ಕ ಎಂದ.

ಹಣಮಂತರಾಯರು ನಗುತ್ತಲೇ ಉದ್ದ ಬಾಲದ ಸಹಿ ಹಾಕಿದರು. ಪೆನ್ನು ಉಮಾಬಾಯಿಯ ಕಡೆ ತಿರುಗಿತು.

"ಗಂಡ ಹೆಂಡರ ನಡುವ ನಾನ್ಯಾಕ್ರಿ? ಒಲಿ ಮ್ಯಾಲೆ ಹಾಲಿಟ್ಟೀನಿ."

ಅವರ ಮನೆಗೆ ಇನ್ನೂ ಬೀಗವಿತ್ತು. ಉಳಿದ ಬಾಗಿಲುಗಳಲ್ಲಿ ನಿಂತವರು ತಟ್ಟೆ ನೋಡತೊಡಗಿದರು. ಅಕ್ಕನ ಮುಖದಲ್ಲಿ ನಗು ಹಾಗೇ ಇತ್ತು, ಅಂಬುವಿನ ಭುಜ ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು. ಅಮೀನ ಗಡಿಯಾರ ನೋಡಿಕೊಂಡ.

ವಠಾರದಲ್ಲಿ ನನ್ನ ದನಿ ಕೇಳಿದವರು ಕಡಿಮೆ. ಬಾಗಿಲ ಹಿಂದಿನಿಂದ ಬಂದು, ಪೆನ್ನು ತೆಗೆದುಕೊಂಡು ಅಂಗಳದ ನಡುವೆ ನಿಂತೆ.

"ಇನ್ನೊಂದು ಸಹಿ ಬೇಕ್ರಿ," ಅಂದೆ.

ಉಮಾಬಾಯಿ ಚೀಲದೊಳಗಿನ ಬದನೆಕಾಯಿ ಎಣಿಸತೊಡಗಿದರು.

"ಯಾರಾದ್ರೂ ಒಬ್ರು ಹಾಕ್ರಿ."